ಮ್ಯೂಸಿಯಂ ಆಟದ ಕಾರ್ಡಿಗೆ ಜಲವರ್ಣವೋ, ವೆಕ್ಟರೋ, ಶಾಯಿಯ ಗೆರೆಯೋ?

ಮ್ಯೂಸಿಯಂ ನೋಡಲು ಬಂದವರ ಕೈಗೆ ಸುಳಿವಿನ ಕಾರ್ಡುಗಳ ಕಟ್ಟೊಂದನ್ನು ಕೊಟ್ಟು, ಅದರಲ್ಲಿ ಬರೆದಿರುವ ವಸ್ತುವನ್ನು ಗಾಜಿನ ಪೆಟ್ಟಿಗೆಗಳಲ್ಲಿ ಹುಡುಕಿಸುವ ಆಟಕ್ಕೆ ಎಂಥ ಚಿತ್ರ ಬರೆಸಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಕಪ್ಪು ಶಾಯಿಯ ರೇಖಾಚಿತ್ರ, ಬೇಕೆನಿಸಿದರೆ ಅದರ ಜೊತೆಗೆ ಇನ್ನೊಂದೇ ಒಂದು ಬಣ್ಣ. ಇದೇ ಆಟವನ್ನು ನಾವು ಜಲವರ್ಣದ ಚಿತ್ರಗಳಲ್ಲಿ, ಕಂಪ್ಯೂಟರಿನಲ್ಲಿ ರಚಿಸುವ ಚಪ್ಪಟೆ ಬಣ್ಣದ ವೆಕ್ಟರ್ ಚಿತ್ರಗಳಲ್ಲಿ, ಛಾಯಾಚಿತ್ರಗಳಲ್ಲಿ ಕೂಡ ಆಡಿಸಿ ನೋಡಿದ್ದೇವೆ. ಅಂದದ ಮಾತಿಗೆ ಬಂದರೆ ಜಲವರ್ಣವೇ ಎಲ್ಲಕ್ಕಿಂತ ಮೇಲು. ಅದನ್ನು ಮೊದಲು ಆರಿಸಿಕೊಂಡದ್ದೂ ಅದಕ್ಕಾಗಿಯೇ. ಅದು ಸೋತದ್ದು ಬೆಳಕಿನ ಎದುರು.

ಬಟ್ಟೆ, ಕಾಗದ, ಹಸ್ತಪ್ರತಿ, ಬಣ್ಣ ಹಚ್ಚಿದ ಚರ್ಮ ಇವೆಲ್ಲ ಬೆಳಕಿಗೆ ಬಣ್ಣಗೆಡುವ ವಸ್ತುಗಳು. ಹೀಗೆ ಮಾಸಿದ ಬಣ್ಣವನ್ನು ಸಂರಕ್ಷಣಾ ತಜ್ಞರೂ ಮರಳಿ ತರಲಾರರಾದ್ದರಿಂದ ಇವುಗಳ ಮೇಲೆ ಬೀಳುವ ಬೆಳಕನ್ನು 50 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಆಸುಪಾಸಿನಲ್ಲಿ ಇಡುವುದು ರೂಢಿ. ತೈಲಚಿತ್ರಗಳಿಗೆ ಸುಮಾರು 200 ಲಕ್ಸ್ ವರೆಗೆ ಬಿಡುತ್ತಾರೆ. ಪ್ರೆಸ್ಸಿನಿಂದ ಬಂದ ಪ್ರೂಫನ್ನು ನಾವು ಪರಿಶೀಲಿಸುವ ಕಚೇರಿಯ ಮೇಜಿನ ಮೇಲಾದರೋ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಬೆಳಕಿರುತ್ತದೆ. ಅಷ್ಟಲ್ಲದೆ ಆ 50 ಲಕ್ಸ್ ಎಂಬುದು ವಸ್ತುವಿನ ಮೇಲೆ ಅಳೆದ ಬೆಳಕು. ಗಾಜಿನ ಈಚೆ ನಿಂತವರ ಕೈಯಲ್ಲಿರುವ ಕಾರ್ಡಿಗೆ ಸಿಗುವುದು ಅನೇಕ ಕಡೆ ಅದಕ್ಕಿಂತಲೂ ಕಡಿಮೆ.

ಜಲವರ್ಣದ ಜೀವ ಇರುವುದು ತೆಳುವಾದ ಲೇಪಗಳಲ್ಲಿ, ಒಂದು ಬಣ್ಣ ಇನ್ನೊಂದಕ್ಕೆ ಕರಗಿಕೊಳ್ಳುವ ಅಂಚುಗಳಲ್ಲಿ. ಮಂದ ಬೆಳಕಿನಲ್ಲಿ ಕಣ್ಣು ಮೊದಲು ಕೈಬಿಡುವುದು ಇಂಥ ಸೂಕ್ಷ್ಮ ವ್ಯತ್ಯಾಸಗಳನ್ನೇ. ಪ್ರೂಫಿನಲ್ಲಿ ಸೊಗಸಾಗಿ ಕಂಡಿದ್ದ ತಿಳಿಗೆಂಪು ಶಾಲು, ಅದರ ಅಂಚಿನ ಕಾವಿ ಬಣ್ಣದ ಬಳ್ಳಿ, ಹಿಂದಿನ ನಸುಹಳದಿ ಎಲ್ಲವೂ ಗ್ಯಾಲರಿಯೊಳಗೆ ಒಂದೇ ಬೂದು ಮಚ್ಚೆಯಾದವು. ಬಳ್ಳಿಯ ಎಲೆಗಳನ್ನು ಎಣಿಸಿ ಶಾಲನ್ನು ಗುರುತಿಸಬೇಕಿದ್ದ ಆಟದಲ್ಲಿ ಬಳ್ಳಿಯೇ ಕಾಣದಿದ್ದರೆ ಉಳಿಯುವುದೇನು? ವಯಸ್ಸಾದವರಿಗಂತೂ ಇದು ಇನ್ನೂ ಕಷ್ಟ. 60ರ ವಯಸ್ಸಿನವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ನಮ್ಮ ಆಟವನ್ನು ಅತಿ ಉತ್ಸಾಹದಿಂದ ಆಡುವವರು ಮೊಮ್ಮಕ್ಕಳನ್ನು ಕರೆತರುವ ಅಜ್ಜ ಅಜ್ಜಿಯರೇ ಆಗಿರುವಾಗ ಇದನ್ನು ಸಣ್ಣ ತೊಡಕೆಂದು ತಳ್ಳಿಹಾಕುವಂತಿರಲಿಲ್ಲ.

ಪರಿಹಾರಗಳನ್ನೂ ಹುಡುಕಿದೆವು. ಸ್ಕ್ಯಾನಿನಲ್ಲಿ ಬಣ್ಣವನ್ನು ಗಾಢಗೊಳಿಸಿದರೆ ತೆಳು ಲೇಪಗಳು ಕೊಳೆಯಾದಂತೆ ಕಂಡವು, ಕಾಗದದ ತರಿಯೂ ಎದ್ದು ಬಂತು. ಬಣ್ಣ ಹೊಳೆಯಲೆಂದು ಲ್ಯಾಮಿನೇಷನ್ ಮಾಡಿಸಿದರೆ ಮೇಲಿನ ಸ್ಪಾಟ್ ದೀಪ ಕಾರ್ಡಿನಲ್ಲೇ ಪ್ರತಿಫಲಿಸಿ ಕಣ್ಣಿಗೆ ಹೊಡೆಯಿತು. ಮೇಲಾಗಿ ಪ್ರದರ್ಶನದ ಕೊಠಡಿಗಳಲ್ಲಿ ಪೆನ್ನಿಗೆ ಅನುಮತಿ ಇಲ್ಲದೆ ಪೆನ್ಸಿಲ್ಲನ್ನೇ ಬಳಸಬೇಕಾಗಿರುವಾಗ, ನುಣುಪಾದ ಆ ಪ್ಲಾಸ್ಟಿಕ್ಕಿನ ಮೇಲೆ ಪೆನ್ಸಿಲ್ ಮೂಡಲೇ ಇಲ್ಲ. ಕೊನೆಗೆ ಜನ ತಮ್ಮದೇ ಪರಿಹಾರ ಕಂಡುಕೊಂಡರು: ಮೊಬೈಲಿನ ಟಾರ್ಚ್ ಹಚ್ಚಿ ಕಾರ್ಡು ನೋಡಿ, ಅದೇ ಟಾರ್ಚನ್ನು ಗಾಜಿನ ಪೆಟ್ಟಿಗೆಗೂ ಹಿಡಿದರು. ಬೆಳಕಿನಿಂದ ಕಾಪಾಡಬೇಕೆಂದು ಕತ್ತಲಲ್ಲಿಟ್ಟ ಬಟ್ಟೆಗೆ ನಮ್ಮ ಆಟವೇ ಬೆಳಕು ಹಾಯಿಸಿದಂತಾಯಿತು. ಕಾವಲಿನವರು ಸಿಟ್ಟಾದದ್ದು ನ್ಯಾಯವೇ.

ವೆಕ್ಟರ್ ಚಿತ್ರಗಳಿಗೆ ಈ ತೊಂದರೆ ಇಲ್ಲ. ಗಾಢ ಬಣ್ಣ, ಸ್ಪಷ್ಟ ಅಂಚು. ಒಂದೇ ಫೈಲನ್ನು ಕಾರ್ಡಿಗೂ ಗೋಡೆಗೂ ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ. ಆದರೆ ಆ ಶೈಲಿಯಲ್ಲಿ ಮಡಕೆಯ ಅರ್ಧವನ್ನು ಬರೆದು ಉಳಿದರ್ಧವನ್ನು ಕನ್ನಡಿಯಂತೆ ತಿರುಗಿಸಿ ಅಂಟಿಸುವ ಅಭ್ಯಾಸವಿದೆ. ಕೈಯಿಂದ ತಟ್ಟಿ ಮಾಡಿದ ಮಡಕೆಯ ಗುರುತು ಇರುವುದು ಓರೆಯಾದ ಕಂಠದಲ್ಲಿ, ಮುಕ್ಕಾದ ಬಾಯಂಚಿನಲ್ಲಿ. ಅವೆರಡನ್ನೂ ಸರಿಪಡಿಸಿಬಿಟ್ಟ ಚಿತ್ರ ಹಿಡಿದು ಒಂದೇ ಪೆಟ್ಟಿಗೆಯಲ್ಲಿ ಸಾಲಾಗಿರುವ ಮಡಕೆಗಳ ಎದುರು ನಿಂತರೆ ಯಾವುದನ್ನು ತೋರಿಸಿದರೂ ಸರಿಯುತ್ತರವೇ. ಕೆಂಪು ಹಸಿರುಗಳ ಅಂತರದ ಮೇಲೆ ಸುಳಿವು ನಿಲ್ಲಿಸುವುದೂ ಕ್ಷೇಮವಲ್ಲ, ಆ ಎರಡನ್ನು ಬೇರ್ಪಡಿಸಿ ನೋಡಲಾಗದ ಗಂಡಸರು ಕಡಿಮೆಯೇನಿಲ್ಲ. ಕೊಠಡಿಗಳ ನಕ್ಷೆಗೆ, ದಾರಿ ತೋರುವ ಚಿಹ್ನೆಗಳಿಗೆ ಮಾತ್ರ ನಾವು ವೆಕ್ಟರನ್ನು ಉಳಿಸಿಕೊಂಡಿದ್ದೇವೆ. ಅಲ್ಲಿ ಅದಕ್ಕೆ ಸಾಟಿ ಇಲ್ಲ.

ಛಾಯಾಚಿತ್ರದ ವಿಷಯ ಬೇಗ ಮುಗಿಯುತ್ತದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಲ್ಲಿ, ಅಮೆರಿಕದ್ದೇ ಮ್ಯೂಸಿಯಂಗಳ ಸಂಸ್ಥೆ ಸ್ಮಿತ್ಸೋನಿಯನ್ 2020ರಲ್ಲಿ ಲಕ್ಷಗಟ್ಟಲೆ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿವೆಯಾದರೂ, ಅವು ಅವರ ವಸ್ತುಗಳು. ನಮ್ಮ ಪೆಟ್ಟಿಗೆಯಲ್ಲಿರುವುದನ್ನು ಹುಡುಕಿಸಲು ಒದಗುವುದಿಲ್ಲ. ನಮ್ಮದೇ ವಸ್ತುವಿನ ಫೋಟೋ ಹಾಕಿದರೆ ಮಕ್ಕಳು ಓಡುತ್ತಾ ಹೋಲಿಸಿ, ಗುರುತು ಹಾಕಿ, ಮುಂದೆ ಓಡುತ್ತಾರೆ. ಎಐ ಬರೆದ ಚಿತ್ರಗಳು ವಿಗ್ರಹದ ಕೈಗೆ ಇಲ್ಲದ ಆಯುಧ ಕೊಟ್ಟವು, ಆದ್ದರಿಂದ ಆ ಮಾತು ಬೇಡ.

ಶಾಯಿಯ ಗೆರೆ ಗೆದ್ದದ್ದು ಹೇಗೆಂದರೆ, ಬರೆಯುವವರು ಏನನ್ನು ಬಿಡಬೇಕೆಂದು ತಾವೇ ಆರಿಸಬಲ್ಲರು. ಪುರಾತತ್ವದ ರೇಖಾಚಿತ್ರಗಳಲ್ಲಿ ಈ ಶಿಸ್ತು ಬಹುಕಾಲದಿಂದ ಇದೆ: ಬೆಳಕು ಎಡ ಮೇಲ್ಮೂಲೆಯಿಂದ ಬೀಳುತ್ತದೆಂದು ಎಣಿಸಿ ನೆರಳು ಹಾಕುತ್ತಾರೆ, ಮೈಯ ಉಬ್ಬುತಗ್ಗುಗಳನ್ನು ಚುಕ್ಕಿಗಳಿಂದಲೋ ಸಾಲುಗೆರೆಗಳಿಂದಲೋ ತೋರಿಸುತ್ತಾರೆ, ಪಕ್ಕದಲ್ಲಿ ಅಳತೆಪಟ್ಟಿ ಇಡುತ್ತಾರೆ. ಅದನ್ನು ಬಲ್ಲ ಚಿತ್ರಕಾರರೊಬ್ಬರು ಗಾಜಿನ ಮುಂದೆಯೇ ಕುಳಿತು ನಮಗೆ ಬರೆದುಕೊಟ್ಟರು. ಬಿರುಕನ್ನು ದಪ್ಪಗೆರೆಯಲ್ಲಿ ಬರೆದು ಉಳಿದ ಮೈಯನ್ನು ಖಾಲಿ ಬಿಟ್ಟರು. ಕೆಲವು ಕಾರ್ಡುಗಳಲ್ಲಿ ಹಿಡಿಯ ತಿರುಚನ್ನಷ್ಟೇ, ವಿಗ್ರಹದ ಕಾಲುಂಗುರವನ್ನಷ್ಟೇ ಬರೆದರು. ಇಂಥ ಕಾರ್ಡು ಹಿಡಿದವರು ಪೆಟ್ಟಿಗೆಯ ಎದುರು ಬಗ್ಗಿ, ಎದ್ದು, ಪಕ್ಕಕ್ಕೆ ಸರಿದು ನೋಡುತ್ತಾರೆ. ಬಿಳಿಯ ಮೇಲಿನ ಕಪ್ಪು ಗೆರೆ ನಮ್ಮ ಅತಿ ಮಂದ ಕೊಠಡಿಯಲ್ಲೂ ಕಂಡಿತು, ಟಾರ್ಚುಗಳು ಜೇಬಿಗೆ ಮರಳಿದವು.

ಒಂದು ಎಚ್ಚರಿಕೆ ಮಾತ್ರ ಬೇಕು. ಚಿತ್ರವನ್ನು ದೊಡ್ಡದಾಗಿ ಬರೆಸಿ ಕುಗ್ಗಿಸುವಾಗ ಗೆರೆಯೂ ಕುಗ್ಗುತ್ತದೆ. ಅರ್ಧಕ್ಕೆ ಕುಗ್ಗಿಸುವುದಾದರೆ 0.5 ಮಿಲಿಮೀಟರ್ ಪೆನ್ನಿನ ಗೆರೆ ಕಾರ್ಡಿನಲ್ಲಿ 0.25 ಆಗುತ್ತದೆ. ಮುದ್ರಣದಲ್ಲಿ 0.35ಕ್ಕಿಂತ ತೆಳುವಾದ ಗೆರೆ ಇರಬಾರದೆಂದು ನಾವು ಮೊದಲೇ ಬರೆದುಕೊಡುತ್ತೇವೆ. ಸ್ಕ್ಯಾನನ್ನು, ಬಣ್ಣದ ಚಿತ್ರಕ್ಕೆ ಸಾಕಾಗುವ 300 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಬದಲು 1200ರಲ್ಲಿ ಮಾಡಿಸಬೇಕು, ಇಲ್ಲದಿದ್ದರೆ ಗೆರೆಯ ಅಂಚು ಮೆಟ್ಟಿಲಾಗುತ್ತದೆ.

ನನ್ನ ತೀರ್ಮಾನದಲ್ಲಿ ನಮ್ಮ ಕೈಚೀಲದ ಪಾಲೂ ಇದೆ. ಬೆಳಕಿಗೆ ಸೂಕ್ಷ್ಮವಾದ ವಸ್ತುಗಳನ್ನು ಕೆಲವು ತಿಂಗಳು ತೋರಿಸಿ ಉಗ್ರಾಣಕ್ಕೆ ಮರಳಿಸುವುದು ಕ್ರಮವಾದ್ದರಿಂದ, ವಸ್ತು ಬದಲಾದಾಗಲೆಲ್ಲ ಅದರ ಕಾರ್ಡೂ ಬದಲಾಗಬೇಕು. ನಾಲ್ಕು ಬಣ್ಣದ ಮುದ್ರಣವನ್ನು ಪ್ರತಿ ಬಾರಿ ಮಾಡಿಸುವ ಶಕ್ತಿ ನಮಗಿಲ್ಲ. ರೇಖಾಚಿತ್ರವನ್ನಾದರೆ ಸಾದಾ ಕಾಗದದ ಮೇಲೆ ಕಚೇರಿಯ ಜೆರಾಕ್ಸ್ ಯಂತ್ರದಲ್ಲೇ ತೆಗೆಯಬಹುದು, ಅದರ ಮೇಲೆ ಪೆನ್ಸಿಲ್ಲೂ ಮೂಡುತ್ತದೆ. ಟಿಕೆಟ್ ಕಿಟಕಿಯ ಬಳಿ ಕಪ್ಪು ಬಿಳುಪಿನ ಕಟ್ಟು ಮಕ್ಕಳನ್ನು ಸೆಳೆಯುವುದಿಲ್ಲವೆಂಬುದು ನಿಜ, ಹಾಗಾಗಿ ಎಂದೂ ಬದಲಾಗದ ಲಕೋಟೆಯ ಮೇಲೆ ಜಲವರ್ಣವನ್ನೇ ಇಟ್ಟಿದ್ದೇವೆ. ಕಲ್ಲು, ಲೋಹದ ಶಿಲ್ಪಗಳಷ್ಟೇ ಇರುವ, ಬೆಳಕಿನ ಕಟ್ಟುಪಾಡಿಲ್ಲದ ಅಂಗಳದಲ್ಲಿ ಆಟ ನಡೆಸುವವರು ಕಾರ್ಡಿಗೂ ಜಲವರ್ಣವನ್ನು ಧಾರಾಳವಾಗಿ ಬರೆಸಬಹುದು. ಉಳಿದವರು ಯಾವ ಶೈಲಿಯನ್ನೇ ಆರಿಸಲಿ, ಮಾದರಿಗೆ ಬರೆಸಿದ ಒಂದೆರಡು ಚಿತ್ರಗಳನ್ನು ತಮ್ಮ ಅತಿ ಮಂದ ಬೆಳಕಿನ ಕೊಠಡಿಯಲ್ಲಿ ಹಿರಿಯರೊಬ್ಬರ ಕೈಗೆ ಕೊಟ್ಟು ನೋಡಿದ ಮೇಲೆಯೇ ಉಳಿದವನ್ನು ಬರೆಯಲು ಹೇಳುವುದು ಒಳಿತು.