ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿ ಕೊಳ್ಳುವವರೇ, ಸ್ಕ್ಯಾನರ್ ತೋರಿಸಿದ್ದನ್ನಷ್ಟೇ ನಂಬಬೇಡಿ

ಬಿಎಸ್-6 (ವಾಹನಗಳ ಹೊಗೆಗೆ ಸರ್ಕಾರ ವಿಧಿಸಿದ ಮಾನದಂಡ) ಡೀಸೆಲ್ ಎಸ್‌ಯುವಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲೇ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನಾನು ಕೊಂಡ ಗಾಡಿಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಒಬ್ಬರೇ ಮಾಲೀಕರು, ಹೊಸ ಟೈರು, ಆರ್‌ಸಿ ಸರಿಯಾಗಿತ್ತು. ಬೆಂಗಳೂರಿನ ಹಳೆಯ ಕಾರುಗಳ ವ್ಯಾಪಾರಿ ನನ್ನ ಕಣ್ಣೆದುರೇ ಎಂಜಿನ್ ದೋಷದ ಕೋಡ್ ಓದುವ ಸ್ಕ್ಯಾನರ್ ಜೋಡಿಸಿ, 'ನೋಡಿ ಸರ್, ಒಂದು ದೋಷವೂ ಇಲ್ಲ' ಎಂದು ತೋರಿಸಿದ. ಆ ತೋರಿಕೆಯೇ ಮೋಸ.

ಮಂಗಳೂರಿನಿಂದ ಮರಳುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಹಿಡಿದದ್ದೇ ತಡ, ಎಂಜಿನ್ ದೀಪ ಹೊತ್ತಿಕೊಂಡು ಗಾಡಿಯ ಶಕ್ತಿಯೇ ಉಡುಗಿಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ವೇಗ ಏರಲಿಲ್ಲ. ಹಿಂದೆ ಸಾಲುಗಟ್ಟಿದ ಲಾರಿಗಳು, ಮುಂದೆ ಮಳೆ, ಒಳಗೆ ವಯಸ್ಸಾದ ತಾಯಿ. ತೆವಳಿಕೊಂಡು ಸಕಲೇಶಪುರ ಸೇರಿದೆವು.

ಅಲ್ಲಿನ ಮೆಕ್ಯಾನಿಕ್ ಮೊದಲು ಆಯಿಲ್ ಕಡ್ಡಿ ಎಳೆದು ನನ್ನ ಕೈಗೇ ಕೊಟ್ಟರು. ಆಯಿಲ್ ಮೇಲಿನ ಗುರುತನ್ನೂ ದಾಟಿ ನಿಂತಿತ್ತು. ಬೆರಳಿಗೆ ಜಿಗುಟೇ ಇಲ್ಲ, ನೀರಿನಷ್ಟು ತೆಳು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. 'ಇದು ನಿನ್ನೆ ಮೊನ್ನೆಯ ತೊಂದರೆಯಲ್ಲ ಸಾರ್' ಎಂದರು.

ಕಾರಣ ಹೀಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಕಡ್ಡಾಯವಾದ ಮೇಲೆ ಇಂಥ ಡೀಸೆಲ್ ಗಾಡಿಗಳ ಹೊಗೆಯ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಕೂರಿಸುತ್ತಾರೆ. ಮಸಿ ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯ ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸಿ ಅದನ್ನು ಸುಟ್ಟುಹಾಕುತ್ತದೆ. ಇದು ಮುಗಿಯಲು ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ಸಮನೆ ಓಡಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ನಿಂತು ಸಾಗುವ ಗಾಡಿಗೆ ಆ ಅವಕಾಶ ಎಲ್ಲಿ? ಸುಡುವ ಕೆಲಸ ಅರ್ಧಕ್ಕೇ ನಿಂತರೆ ಮಸಿ ಕಟ್ಟಿಕೊಂಡು ಗಾಡಿಯ ಶಕ್ತಿ ಉಡುಗುತ್ತದೆ, ಉರಿಯದೆ ಉಳಿದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ. ತೆಳುವಾದ ಆಯಿಲ್ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಮತ್ತು ಬೇರಿಂಗ್‌ಗಳನ್ನು ಸವೆಸುತ್ತದೆ. ಆಯಿಲಿನಿಂದ ಬರುವ ಬೂದಿಯಂತೂ ಎಷ್ಟು ಸುಟ್ಟರೂ ಹೋಗದು. ಫಿಲ್ಟರ್ ಬಿಚ್ಚಿ ತೊಳೆಯಬೇಕು, ಇಲ್ಲವೇ ಬದಲಿಸಬೇಕು.

ನನಗೆ ಬದಲಿಸಲು ಹೇಳಿದರು. ಫಿಲ್ಟರ್ ಒಂದಕ್ಕೇ ಒಂದೂವರೆ ಲಕ್ಷ ರೂಪಾಯಿಯ ಹತ್ತಿರ, ಟರ್ಬೊಗೆ ಮತ್ತೆ ಅರವತ್ತು ಸಾವಿರ. ಗೇರ್‌ಬಾಕ್ಸ್ ಇಳಿಸಿದಾಗ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ ಮತ್ತು ಕ್ಲಚ್ ನಡುವೆ ಅದುರು ತಗ್ಗಿಸುವ ಚಕ್ರ) ಕೂಡ ಸಡಿಲವಾಗಿರುವುದು ಕಂಡಿತು. ಕ್ಲಚ್ ಸೇರಿ ಎಪ್ಪತ್ತು ಸಾವಿರ. ಎಂಜಿನ್ ಆಫ್ ಮಾಡುವಾಗ 'ಗಡಗಡ' ಎಂಬ ಸದ್ದು ಬಂದರೆ ಈ ಫ್ಲೈವೀಲನ್ನು ಅನುಮಾನಿಸಿ.

ಇನ್ನು ಸ್ಕ್ಯಾನರ್ ಮಾತು. ದೋಷದ ಕೋಡ್‌ಗಳನ್ನು ಅಳಿಸಲು ಅರೆ ನಿಮಿಷ ಸಾಕು. ಆದರೆ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕವೂ ಅದೇ ಸ್ಕ್ಯಾನರ್‌ನಲ್ಲಿ ಸಿಗುತ್ತದೆ. ನನ್ನ ಗಾಡಿಯ ಲೆಕ್ಕ ನಾನು ಕೊಂಡ ಮೇಲೆ ಓಡಿಸಿದ ದೂರಕ್ಕೆ ಸರಿಹೊಂದಿತು. ಅಂದರೆ ಮಾರುವ ಮುನ್ನ ವ್ಯಾಪಾರಿಯ ಅಂಗಳದಲ್ಲೇ ಎಲ್ಲವನ್ನೂ ಒರೆಸಿಹಾಕಿದ್ದರು. ಕೇಳಿದರೆ 'ಬ್ಯಾಟರಿ ಬದಲಿಸಿದ್ದೆವು, ಆಗ ಅಳಿಸಿಹೋಗಿರಬೇಕು' ಎಂಬ ಉತ್ತರ. ಬ್ಯಾಟರಿ ತೆಗೆದಾಗ ಕೆಲವು ಗಾಡಿಗಳಲ್ಲಿ ಹಾಗಾಗುವುದುಂಟು, ನಿಜ. ಆದರೆ ಗಾಡಿಯಲ್ಲಿ ಇದ್ದದ್ದು ಹಳೆಯ ಬ್ಯಾಟರಿಯೇ.

ಹಾಗಾಗಿ ಕೋಡ್ ಅಳಿಸಿದ ಮೇಲೆ ಓಡಿದ ಕಿಲೋಮೀಟರ್ ಸಂಖ್ಯೆ ತೋರಿಸಲು ಒತ್ತಾಯಿಸಿ. ಐವತ್ತೋ ನೂರೋ ಕಿಲೋಮೀಟರ್ ಎಂದಿದ್ದರೆ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿಸಿ. ತಣ್ಣಗಿನ ಎಂಜಿನ್‌ನ ಆಯಿಲ್ ಕಡ್ಡಿ ನೀವೇ ಎಳೆದು ನೋಡಿ, ಮೂಸಿ ನೋಡಿ. ಸೈಲೆನ್ಸರ್ ತುದಿಯೊಳಗೆ ಬಿಳಿ ಬಟ್ಟೆ ಆಡಿಸಿ: ಫಿಲ್ಟರ್ ಸರಿಯಿದ್ದರೆ ಮಸಿ ಅಂಟುವುದಿಲ್ಲ. ಬಟ್ಟೆ ಕಪ್ಪಾದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಖರ್ಚು ಉಳಿಸಲು ಯಾರೋ ಒಳಗಿನದನ್ನು ಕಿತ್ತುಹಾಕಿದ್ದಾರೆ. ಅದು ಕಾನೂನುಬಾಹಿರ, ಸಿಕ್ಕಿಬೀಳುವವರು ನೀವು. ವ್ಯಾಪಾರಿ ಇದಕ್ಕೆಲ್ಲ ಒಪ್ಪದಿದ್ದರೆ ಎದ್ದು ಬನ್ನಿ.

ನಿಮ್ಮ ಓಡಾಟವೆಲ್ಲ ಊರೊಳಗೇ ಆದರೆ ಡೀಸೆಲ್ ಬೇಡ, ಪೆಟ್ರೋಲ್ ಗಾಡಿ ನೋಡಿ. ಮೈಲೇಜಿನಲ್ಲಿ ಉಳಿಸಿದ್ದೆಲ್ಲ ಒಂದು ಫಿಲ್ಟರ್‌ಗೆ ಹೋಗುತ್ತದೆ.

ಈಗಾಗಲೇ ಸಿಕ್ಕಿಬಿದ್ದವರು ಸುಮ್ಮನೆ ಕೂರಬೇಡಿ. ವ್ಯಾಪಾರಿಯಿಂದ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಎರಡು ವರ್ಷದೊಳಗೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಗ್ಯಾರೇಜಿನ ಬಿಲ್, ಸ್ಕ್ಯಾನ್ ವರದಿಯ ಮುದ್ರಿತ ಪ್ರತಿ, ವ್ಯಾಪಾರಿ ಕಳುಹಿಸಿದ ವಾಟ್ಸ್ಆ್ಯಪ್ ಸಂದೇಶ ಎಲ್ಲವನ್ನೂ ಜೋಪಾನವಾಗಿಡಿ. ಬಿಚ್ಚಿದ ಹಳೆಯ ಫಿಲ್ಟರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಅದೂ ಸಾಕ್ಷ್ಯವೇ. ನನ್ನದು ದೂರಿನೊಂದಿಗೆ ಲಗತ್ತಿಸಿದ ಫೋಟೊಗಳಲ್ಲಿದೆ, ವಿಚಾರಣೆ ನಡೆಯುತ್ತಿದೆ.