ಯಕ್ಷಗಾನ ಆಟದ ಫೋಟೊಗೆ ನನ್ನ ನಿಕಾನ್ ಡಿ7500, ಒಂದು 85 ಎಂಎಂ ಲೆನ್ಸ್, ಮತ್ತು ಡಾರ್ಕ್‌ಟೇಬಲ್

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ನನ್ನ ಶನಿವಾರದ ರಾತ್ರಿಗಳೆಲ್ಲ ರಂಗಸ್ಥಳದ ಎದುರಿಗೇ. ಹಗಲು ಕುಂದಾಪುರದ ಹತ್ತಿರ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನ ಕೆಲಸ, ರಾತ್ರಿ ಕ್ಯಾಮೆರಾ. ಹಕ್ಕಿ, ಮದುವೆ, ಪ್ರವಾಸ ಇದ್ಯಾವುದಕ್ಕೂ ನಾನು ಈ ಸಾಮಾನು ಬಳಸಿದವನಲ್ಲ, ಯಕ್ಷಗಾನ ಒಂದಕ್ಕೇ. ಈ ವಿಮರ್ಶೆಯನ್ನೂ ಅಷ್ಟರ ಮಟ್ಟಿಗೇ ಓದಿಕೊಳ್ಳಿ.

ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ನಿಕಾನ್ ಡಿ7500. 2017ರಲ್ಲಿ ಬಂದದ್ದು, 20.9 ಮೆಗಾಪಿಕ್ಸೆಲ್. ಮೂರು ವರ್ಷದ ಕೆಳಗೆ ಸೆಕೆಂಡ್ ಹ್ಯಾಂಡ್ 38,000 ರೂಪಾಯಿಗೆ ತಗೊಂಡೆ. ಸೆಕೆಂಡಿಗೆ 8 ಫ್ರೇಮ್, 4ಕೆ ವಿಡಿಯೊ ಅಂತೆಲ್ಲ ಇದೆ, ಅದರ ಬಗ್ಗೆ ನಾನು ಹೇಳುವುದಿಲ್ಲ. ನಾನು ಇದನ್ನೇ ಹುಡುಕಿ ತಗೊಳ್ಳಲು ಕಾರಣ ಎರಡು.

ಮೊದಲನೆಯದು ದೀಪದ ಮಿಟುಕು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಹಾಕಿದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ 1/100 ಸೆಕೆಂಡಿನಲ್ಲಿ ಇಟ್ಟರೆ ಫೋಟೊದಲ್ಲೂ ತೊಂದರೆಯಿಲ್ಲ, ಆದರೆ ಗಿರ್ಕಿ ಹೊಡೆಯುವ ವೇಷವನ್ನು 1/100ರಲ್ಲಿ ಹಿಡಿಯಲು ಆಗುತ್ತದೆಯೇ? 1/320 ಆದರೂ ಬೇಕು. ಅಲ್ಲಿಗೆ ಹೋದಿರೋ, ಒಂದು ಫೋಟೊ ಬೆಳ್ಳಗೆ, ಮುಂದಿನದು ಕೆಂಪಗೆ, ಇನ್ನೊಂದರಲ್ಲಿ ಎದೆಕಟ್ಟಿನ ಮೇಲೆ ಅಡ್ಡ ಪಟ್ಟೆ. ಡಿ7500ನ ಮೆನುವಿನಲ್ಲಿ ಫ್ಲಿಕರ್ ರಿಡಕ್ಷನ್ ಇದೆ. ಬೆಳಕು ಪೂರ್ತಿ ಇರುವ ಗಳಿಗೆ ನೋಡಿ ಶಟರ್ ಬಿಡುತ್ತದೆ. ಹಳೆಯ ಡಿ7200ರಲ್ಲಿ ಫೋಟೊಗೆ ಈ ಅನುಕೂಲ ಇರಲಿಲ್ಲ. ಹಾಗಂತ ಎಲ್ಲಕ್ಕೂ ಇದೇ ಮದ್ದು ಎಂದುಕೊಳ್ಳಬೇಡಿ. ಮಬ್ಬು ಮಾಡಿಟ್ಟ ಬಣ್ಣದ ಎಲ್‌ಇಡಿಗಳು ಬೇರೆಯೇ ವೇಗದಲ್ಲಿ ಮಿಟುಕುತ್ತವೆ, ಅವುಗಳೆದುರು ಇದು ನಡೆಯುವುದಿಲ್ಲ.

ಎರಡನೆಯದು ಹೈಲೈಟ್ ಲೆಕ್ಕದ ಮೀಟರಿಂಗ್, ಅಂದರೆ ಹೊಳೆಯುವ ಜಾಗ ನೋಡಿ ಬೆಳಕು ಅಳೆಯುವುದು. ಹಿಂದೆ ಕತ್ತಲು, ಮುಂದೆ ಫಳಫಳ ಹೊಳೆಯುವ ಕಿರೀಟ. ಮಾಮೂಲಿ ಮೀಟರು ಕತ್ತಲನ್ನು ನೋಡಿ ಬೆಳಕು ಏರಿಸುತ್ತದೆ, ಕಿರೀಟ ಬಿಳಿ ಮುದ್ದೆಯಾಗುತ್ತದೆ. ಇದು ಅತಿ ಹೊಳೆಯುವ ಜಾಗವನ್ನೇ ಅಳೆಯುವುದರಿಂದ ಮುಂಡಾಸಿಗೆ ಸುತ್ತಿದ ಜರಿಯ ಎಳೆಯೆಳೆಯೂ ಉಳಿಯುತ್ತದೆ. ಅದರ ಮೇಲೂ ಕೆಂಪು ದಗಲೆಯ ವೇಷ ಬಂದರೆ ಬೆಳಕನ್ನು ಇನ್ನೂ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸುತ್ತೇನೆ. ಕೆಂಪು ಬಟ್ಟೆಗೆ ಕೆಂಪು ಲೈಟು ಬಿದ್ದಾಗ ಕೆಂಪು ಚಾನೆಲ್ ಮಾತ್ರ ತುಂಬಿ ಚೆಲ್ಲುತ್ತದೆ, ನೆರಿಗೆ ಮಾಯ. ಬರೀ ಬಿಳಿ ಹಿಸ್ಟೊಗ್ರಾಮ್ (ಫೋಟೊದ ಬೆಳಕು ತೋರಿಸುವ ನಕ್ಷೆ) ನೋಡಿದರೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಮೂರು ಬಣ್ಣದ ಹಿಸ್ಟೊಗ್ರಾಮ್ ತೆರೆದು ನೋಡಿ.

ಕೊರತೆಯೆಂದರೆ ಮೆಮೊರಿ ಕಾರ್ಡಿಗೆ ಒಂದೇ ಜಾಗ. ಡಿ7200ರಲ್ಲಿ ಎರಡಿತ್ತು. ಕಳೆದ ವರ್ಷ ಒಂದು ಕಾರ್ಡು ಅರ್ಧ ಆಟದಲ್ಲಿ ಕೈಕೊಟ್ಟಿತು, ಪೀಠಿಕೆಯಿಂದ ಯುದ್ಧದವರೆಗೆ ತೆಗೆದದ್ದೆಲ್ಲ ಹೋಯಿತು. ಆ ರಾತ್ರಿ ಮತ್ತೆ ಬರುವುದಿಲ್ಲ ಎಂಬ ಸಂಕಟ ಇನ್ನೂ ಇದೆ. ಈಗ 32 ಜಿಬಿಯ ಎರಡು ಕಾರ್ಡು, ಚಾ ಹೊತ್ತಿಗೆ ಬದಲಾವಣೆ.

ಲೆನ್ಸಿನ ವಿಷಯದಲ್ಲಿ ನನ್ನ ಮಾತು ನೇರ: ದುಡ್ಡಿದ್ದರೆ ಬಾಡಿಗಿಂತ ಮೊದಲು 85 ಎಂಎಂ ಎಫ್/1.8ಜಿ ತಗೊಳ್ಳಿ. 350 ಗ್ರಾಂ ಅಷ್ಟೇ. ಸೆನ್ಸರ್ ಚಿಕ್ಕದಿರುವ ಈ ಕ್ಯಾಮೆರಾಕ್ಕೆ ಹಾಕಿದಾಗ ಸುಮಾರು 127 ಎಂಎಂನ ನೋಟ ಸಿಗುತ್ತದೆ. ಎದುರು ಸಾಲಿನಲ್ಲಿ ನೆಲಕ್ಕೆ ಕೂತರೆ ಕಿರೀಟದ ತುದಿಯಿಂದ ಮಂಡಿಯವರೆಗೆ ಸರಿಯಾಗಿ ತುಂಬುತ್ತದೆ. ಲೆನ್ಸಿನ ಕಿಂಡಿ ಎಫ್/2.2ರಲ್ಲಿ ಇಟ್ಟು, ಫೋಕಸ್ ಬಿಂದು ಕಣ್ಣಿನ ಮೇಲೆ ಕೂರಿಸಿ, ಹಿಂದಿನ ಎಇ-ಎಲ್ ಬಟನ್ನಿಗೆ ಆಟೊಫೋಕಸ್ ವಹಿಸಿ ಹೆಬ್ಬೆರಳಿನಲ್ಲಿ ಒತ್ತಿಹಿಡಿಯುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 3200ರಿಂದ 6400. ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಜಾಗದಲ್ಲಿ, 50 ಎಂಎಂ ಎಫ್/1.8ಜಿ ಸಾಕು. ಫ್ಲಾಶ್ ಬೇಡವೇ ಬೇಡ. ಕ್ಯಾಮೆರಾದ ಮುಂದಿನ ಫೋಕಸ್ ದೀಪವನ್ನೂ ಆರಿಸಿಡಿ, ಕಣ್ಣಿಗೆ ಚುಚ್ಚಿದರೆ ಕಲಾವಿದರ ಹೆಜ್ಜೆ ತಪ್ಪುತ್ತದೆ.

ಇನ್ನು ಎಡಿಟಿಂಗ್. ಇಲ್ಲಿ ನನಗೆ ಪಾಠ ಹೇಳಿದವರು ಒಬ್ಬ ಹಿರಿಯ ವೇಷಧಾರಿ. ಮೊದಲ ವರ್ಷ ನಾನು ಜೆಪೆಗ್‌ನಲ್ಲೇ ತೆಗೆಯುತ್ತಿದ್ದೆ, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಆಟೊ, ಬಣ್ಣ ವಿವಿಡ್. ಅವರದೊಂದು ಫೋಟೊ 8x12 ಪ್ರಿಂಟ್ ಹಾಕಿಸಿ ಚೌಕಿಗೆ ಕೊಂಡುಹೋದೆ. ಬಲ್ಬಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. “ಇದ್ ನಾನ್ ಹಚ್ಚಿದ್ ಬಣ್ಣ ಅಲ್ಲ ಮಾರಾಯ್ರೆ. ಜ್ವರ ಬಂದವನ್ ಮುಖ ಕಂಡಾಂಗ್ ಇತ್ತ್.” ಆಮೇಲೆ ನನ್ನನ್ನು ಕನ್ನಡಿಯ ಪಕ್ಕ ಕೂರಿಸಿಕೊಂಡರು. ಎಡ ಅಂಗೈಯಲ್ಲಿ ತೆಂಗಿನೆಣ್ಣೆ, ಅದಕ್ಕೆ ಬಿಳಿ, ಹಳದಿ, ಒಂದು ಚಿಟಿಕೆ ಕೆಂಪು. ಬೆರಳಲ್ಲಿ ತಿಕ್ಕಿ ತಿಕ್ಕಿ ಹದ ಬಂದ ಮೇಲೆ ಕೆನ್ನೆಗೆ ಒಂದು ಬೊಟ್ಟು ಹಚ್ಚಿ ನೋಡಿದರು, ಮತ್ತೆ ತುಸು ಹಳದಿ ಸೇರಿಸಿದರು. ಆ ತುಸು ಹಳದಿಯನ್ನೇ ನನ್ನ ಕ್ಯಾಮೆರಾ ತಿಂದುಹಾಕಿತ್ತು.

ಅಲ್ಲಿಂದ ಈಚೆ 14 ಬಿಟ್ ರಾ ಮಾತ್ರ, ಅಂದರೆ ಕ್ಯಾಮೆರಾ ಬಣ್ಣ ತಿದ್ದದೆ ಹಾಗೇ ಕೊಡುವ ಫೈಲು. ಒಂದೊಂದು ಫೈಲು ಸುಮಾರು 25 ಎಂಬಿ. ತಂತ್ರಾಂಶ ಡಾರ್ಕ್‌ಟೇಬಲ್, ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಮೂಲ ಫೈಲನ್ನು ಮುಟ್ಟುವುದಿಲ್ಲ, ಮಾಡಿದ ತಿದ್ದುಪಡಿಯನ್ನೆಲ್ಲ ಪಕ್ಕದಲ್ಲೊಂದು ಸಣ್ಣ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತದೆ. ಕಲಿಯುವುದು ಸುಲಭವಲ್ಲ. ಮಾಡ್ಯೂಲುಗಳ, ಅಂದರೆ ತಿದ್ದುವ ಸಲಕರಣೆಗಳ, ಸಾಲು ನೋಡಿದರೆ ಮೊದಲ ವಾರ ತಲೆ ತಿರುಗುತ್ತದೆ. ನನಗೆ ಬೇಕಾದದ್ದು ನಾಲ್ಕೇ: ಬೆಳಕಿಗೆ ಎಕ್ಸ್‌ಪೋಶರ್, ಬಣ್ಣಕ್ಕೆ ಕಲರ್ ಕ್ಯಾಲಿಬ್ರೇಶನ್, ಕಾಂಟ್ರಾಸ್ಟಿಗೆ ಸಿಗ್ಮಾಯ್ಡ್, ಕಾಳು ಕಾಳು ತೆಗೆಯಲು ಡಿನಾಯ್ಸ್ ಪ್ರೊಫೈಲ್ಡ್.

ಬಣ್ಣದ ಅಳತೆಗೆ ಮೊದಲು ಭಾಗವತರ ಬಿಳಿ ಪಂಚೆಯನ್ನೇ ಆರಿಸುತ್ತಿದ್ದೆ. ನೀಲಿ ಹಾಕಿ ಒಗೆದ ಪಂಚೆಯಾದರೆ ಇಡೀ ಫೋಟೊ ಹಳದಿಗೆ ವಾಲುತ್ತದೆ ಎಂದು ಆಮೇಲೆ ಗೊತ್ತಾಯಿತು. ಈಗ ಆಟ ಶುರುವಾಗುವ ಮೊದಲು ರಂಗಸ್ಥಳದಲ್ಲಿ ಬೂದು ಕಾರ್ಡು ಹಿಡಿಸಿ ಒಂದು ಫೋಟೊ ತೆಗೆಯುತ್ತೇನೆ. ಅದರ ಲೆಕ್ಕವನ್ನು ಅದೇ ಬೆಳಕಿನ ಎಲ್ಲ ಫೋಟೊಗಳಿಗೆ ಒಟ್ಟಿಗೇ ಅಂಟಿಸುತ್ತೇನೆ. ಬಣ್ಣದ ಲೈಟು ಹಾಕಿದ ದೃಶ್ಯಗಳನ್ನು ಮಾತ್ರ ಬಿಡುತ್ತೇನೆ. ಅಲ್ಲಿ ನೀಲಿ ನೀಲಿಯಾಗಿಯೇ ಇರಲಿ.

ಡಿನಾಯ್ಸ್‌ನಲ್ಲಿ ಕೈ ಹಿಡಿತ ಬೇಕು. ಈ ಮಾಡ್ಯೂಲಿಗೆ ಯಾವ ಕ್ಯಾಮೆರಾ ಯಾವ ಐಎಸ್‌ಒದಲ್ಲಿ ಎಷ್ಟು ಕಾಳು ಕಾಳಾಗುತ್ತದೆ ಎಂಬ ಲೆಕ್ಕ ಮೊದಲೇ ಗೊತ್ತಿರುತ್ತದೆ. ಬಣ್ಣದ ಕಾಳನ್ನು ತೆಗೆಯಲಿ, ಕಪ್ಪುಬಿಳಿಯ ಕಾಳನ್ನು ಅರ್ಧ ಬಿಡಿ. ಜಾಸ್ತಿ ಮಾಡಿದರೆ ಕಾಡಿಗೆಯ ಗೆರೆ ಕದಡಿ, ಮುಖ ಮೇಣದ ಗೊಂಬೆಯಂತಾಗುತ್ತದೆ. ಬೆವರಿನ ಹನಿ ಕಾಣದ ಆಟದ ಫೋಟೊ ನನಗೆ ಬೇಡ.

ಒಂದು ರಾತ್ರಿಗೆ 700, 800 ಫೋಟೊ. ಭಾನುವಾರ ಮಧ್ಯಾಹ್ನ ನಕ್ಷತ್ರ ಕೊಟ್ಟು 40ಕ್ಕೆ ಇಳಿಸುತ್ತೇನೆ, ತಿದ್ದುವುದು ಹದಿನೈದೋ ಇಪ್ಪತ್ತೋ. ಲ್ಯಾಪ್‌ಟಾಪಿನ ಬೆಳಕನ್ನು ಅರ್ಧಕ್ಕಿಂತ ಕೆಳಗಿಟ್ಟುಕೊಂಡೇ ತಿದ್ದಬೇಕು, ಇಲ್ಲದಿದ್ದರೆ ಪ್ರಿಂಟು ಕತ್ತಲಾಗಿ ಬರುತ್ತದೆ. ಎರಡನೆಯ ಸಲ ಮಾಡಿಸಿದ ಪ್ರಿಂಟನ್ನು ಆ ಹಿರಿಯರು ಏನೂ ಹೇಳದೆ ತಮ್ಮ ಬಣ್ಣದ ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಿನಿಂದ ಅಂಟಿಸಿಕೊಂಡರು. ನನಗೆ ಅದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಮೇಳಗಳು ಒಳಗಾದ ಮೇಲೆ ಕ್ಯಾಮೆರಾವನ್ನು ಬ್ಯಾಗಿನಲ್ಲೇ ಬಿಡಬೇಡಿ, ಲೆನ್ಸಿನೊಳಗೆ ಬೂಷ್ಟು ಬರುತ್ತದೆ. ನನ್ನದು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ಹರಳು ನೀಲಿಯಿಂದ ನಸುಗೆಂಪಿಗೆ ತಿರುಗಿದರೆ ಬದಲಿಸುವ ಹೊತ್ತು. ಬಿಸಿಲು ಕಂಡ ದಿನ ಹೊರಗೆ ತೆಗೆದು ಹತ್ತು ನಿಮಿಷ ಗಾಳಿಗೆ ಇಡುತ್ತೇನೆ, ಹಾಗೇ ಅಂಗಳದ ದಾಸವಾಳದ ಮೇಲೆ ಒಂದೆರಡು ಸಲ ಶಟರ್ ಒತ್ತಿ ನೋಡಿ ಮತ್ತೆ ಒಳಗಿಡುತ್ತೇನೆ.