ಬ್ಯಾರೆಲ್ ಡೀಸೆಲ್ ಸೋಸೋಕೆ ಯಾವುದು ಸರಿ: ಬಟ್ಟೆಯೋ, ಕ್ಯಾನ್ ಫಿಲ್ಟರೋ, ಸೆಪರೇಟರೋ?

ಕಾಫಿ ತೋಟದವರ ಶೆಡ್ಡಿನಲ್ಲಿ ಒಂದೆರಡು ಬ್ಯಾರೆಲ್ ಡೀಸೆಲ್ ಇದ್ದೇ ಇರುತ್ತದೆ. ಫೆಬ್ರವರಿ, ಮಾರ್ಚಲ್ಲಿ ರೊಬಸ್ಟಾಗೆ ಸ್ಪ್ರಿಂಕ್ಲರ್ ಹೊಡೆದು ಉಳಿದದ್ದನ್ನು ಮಳೆಗಾಲದಲ್ಲಿ ಜನರೇಟರಿಗೆ ಆಗುತ್ತೆ ಅಂತ ಇಟ್ಟಿರುತ್ತೇವೆ. ಅರ್ಧ ಖಾಲಿ ಬ್ಯಾರೆಲ್ಲಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ತಗಡಿನ ಒಳಗೆ ಬೆವರಿ, ಇಳಿದು ತಳ ಸೇರುತ್ತದೆ. ಆ ನೀರು ಡೀಸೆಲ್‌ಗೆ ತಾಗುವ ಕಡೆ ಫಂಗಸ್ ಬೆಳೆದು ಕಂದು ಲೋಳೆ ಕಟ್ಟುತ್ತದೆ. ಇದನ್ನು ಸೋಸೋಕೆ ಮೂರು ರೀತಿ ಸೆಟಪ್ ಮಾಡಿ ನೋಡಿದೆ.

ಕೈ ಪಂಪು, ಫನೆಲ್ಲು, ದಪ್ಪ ಬಟ್ಟೆ. ಖರ್ಚು ಏನೂ ಇಲ್ಲ ಅನ್ನಬಹುದು. ತುಕ್ಕಿನ ಚೂರು, ಲೋಳೆಯ ಗಂಟು ನಿಲ್ಲುತ್ತದೆ, ಸಣ್ಣ ಧೂಳು ನಿಲ್ಲಲ್ಲ, ನೀರಂತೂ ಸಲೀಸಾಗಿ ದಾಟುತ್ತದೆ. ಹತ್ತಿ ಬಟ್ಟೆಯಾದರೆ ಅದರ ನೂಲೇ ಉದುರಿ ಡೀಸೆಲ್ ಸೇರುತ್ತದೆ. ನಿಜ ಹೇಳಬೇಕೆಂದರೆ ಇಲ್ಲಿ ಕೆಲಸ ಮಾಡೋದು ಬಟ್ಟೆ ಅಲ್ಲ, ಸುಮ್ನೆ ಕಾಯೋದು. ಬ್ಯಾರೆಲ್ಲಿನ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡಿ ಎರಡು ದಿನ ಅಲುಗಾಡಿಸದೆ ಬಿಟ್ಟರೆ ನೀರು, ಗಸಿ ಎಲ್ಲಾ ಒಂದು ಮೂಲೆಗೆ ಬರುತ್ತದೆ, ಅದನ್ನು ಮೊದಲು ಎಳೆದು ಬಿಸಾಡಬೇಕು. ಮುಂದಿನ ಎರಡು ಸೆಟಪ್ಪಿಗೂ ಈ ಕೆಲಸ ತಪ್ಪಲ್ಲ.

ಎರಡನೆಯದು, ಜಾಸ್ತಿ ಜನ ಮಾಡಿಕೊಳ್ಳುವುದು: ನಿಮಿಷಕ್ಕೆ 40 ಲೀಟರಿನ 12 ವೋಲ್ಟ್ ವೇನ್ ಪಂಪು, ಆಮೇಲೆ 30 ಮೈಕ್ರಾನ್ ಕ್ಯಾನ್ (ಡಬ್ಬಿಯಂಥ ಫಿಲ್ಟರು; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಅದರ ಮುಂದೆ ನೀರು ಹೀರುವ 10 ಮೈಕ್ರಾನ್ ಕ್ಯಾನ್. ಎಲ್ಲವನ್ನೂ ಒಂದು ಹಲಗೆಗೆ ಬೋಲ್ಟ್ ಮಾಡಿ ಟ್ರ್ಯಾಕ್ಟರ್ ಬ್ಯಾಟರಿಗೆ ಕೊಟ್ಟರೆ ಆಯಿತು. 200 ಲೀಟರ್ ಬ್ಯಾರೆಲ್ ಐದಾರು ನಿಮಿಷದಲ್ಲಿ ಖಾಲಿ. ತೊಂದರೆ ಏನು ಗೊತ್ತಾ? ಪಂಪು ಮೊದಲು, ಫಿಲ್ಟರ್ ಆಮೇಲೆ. ತಳದಲ್ಲಿ ನೀರಿದ್ದರೆ ಪಂಪಿನ ಬ್ಲೇಡು ಅದನ್ನು ಡೀಸೆಲ್ ಜೊತೆ ಕಡೆದು ಬಿಡುತ್ತದೆ, ಮಜ್ಜಿಗೆ ಕಡೆದ ಹಾಗೆ. ನೀರು ಹೀರಿದ ಕ್ಯಾನ್ ಒಳಗೇ ಊದಿಕೊಂಡು, ನಾಝಲ್ಲಿನಿಂದ ದಾರದಷ್ಟು ಡೀಸೆಲ್ ಬರೋಕೆ ಶುರುವಾಗುತ್ತದೆ. ಆ ಕ್ಯಾನ್ ಮತ್ತೆ ಉಪಯೋಗಕ್ಕಿಲ್ಲ. ನೀರು ತೆಗೆದ ಡೀಸೆಲ್‌ಗಾದರೆ ಇದು ಒಳ್ಳೆ ಸೆಟಪ್ಪೇ.

ಮೂರನೆಯದು ಟರ್ಬೈನ್ ಸೆಪರೇಟರ್, ಅಂದರೆ ಡೀಸೆಲನ್ನು ಸುತ್ತಿಸಿ ನೀರು ಬೇರೆ ಮಾಡಿ, ಆಮೇಲೆ ಸೋಸುವ ಫಿಲ್ಟರು. ನಾನು ಹಾಕಿದ್ದು ರೇಕಾರ್ ಕಂಪನಿಯ 1000 ಎಫ್‌ಜಿ ಮಾಡೆಲ್ಲು. ಇದನ್ನು ಪಂಪಿನ ಹಿಂದೆ, ಎಳೆಯುವ ಕಡೆ ಕೂರಿಸಬೇಕು, ಆಗ ನೀರು ಇನ್ನೂ ದೊಡ್ಡ ಹನಿಯಾಗಿರುವಾಗಲೇ ಬೇರೆಯಾಗುತ್ತದೆ. ಅದರ ತಾಕತ್ತು ಗಂಟೆಗೆ 681 ಲೀಟರ್. ಮೇಲೆ ಹೇಳಿದ ಪಂಪು ಗಂಟೆಗೆ 2400 ಲೀಟರ್ ಎಳೆಯುತ್ತದೆ, ಅದನ್ನೇ ಇದಕ್ಕೆ ಕೊಟ್ಟರೆ ದುಡ್ಡು ದಂಡ. ನಿಮಿಷಕ್ಕೆ ಹತ್ತು ಲೀಟರಿನ ಸಣ್ಣ ಗೇರ್ ಪಂಪು ಸಾಕು. ಬ್ಯಾರೆಲ್ಲಿನ ತಳದಿಂದ ಎಳೆದು ಅದೇ ಬ್ಯಾರೆಲ್ಲಿಗೆ ವಾಪಸ್ ಬಿಡುತ್ತಾ ಗಂಟೆಗಟ್ಟಲೆ ಓಡಿಸಿದೆ. ಮೊದಲ ಸುತ್ತಿಗೆ ಕೆಂಪು ಬಣ್ಣದ 30 ಮೈಕ್ರಾನ್ ಎಲಿಮೆಂಟು (ಒಳಗಿನ ಸೋಸುವ ಭಾಗ), ಆಮೇಲೆ ಕಂದು ಬಣ್ಣದ 2 ಮೈಕ್ರಾನ್. ಕೆಳಗಿನ ಪಾರದರ್ಶಕ ಬಟ್ಟಲಲ್ಲಿ ನೀರಿನ ಹನಿಗಳು ಒಂದಕ್ಕೊಂದು ಅಂಟಿ, ಜಾರಿ, ತಳದಲ್ಲಿ ಕಂದು ಪದರ ಆಗೋದು ಕಣ್ಣಿಗೇ ಕಾಣುತ್ತದೆ. ಪಂಪು ನಿಲ್ಲಿಸಿಯೇ ಡ್ರೈನ್ ತೆಗೆಯಬೇಕು, ಓಡುವಾಗ ತೆಗೆದರೆ ನೀರು ಬರೋ ಬದಲು ಗಾಳಿ ಒಳಗೆ ಹೋಗುತ್ತದೆ.

ಮೂರರ ಡೀಸೆಲನ್ನೂ ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡಿ. ಬಟ್ಟೆಯದ್ದು ಮಂಜು ಮಂಜು. ಕ್ಯಾನಿನದ್ದು ತಿಳಿ, ಆದರೆ ಕ್ಯಾನ್ ಹೊಸದಿದ್ದಾಗ ಮಾತ್ರ. ಸೆಪರೇಟರಿನದ್ದು ಆಚೆ ಇಟ್ಟ ಪೇಪರಿನ ಅಕ್ಷರ ಓದುವಷ್ಟು ತಿಳಿ. ಹಾಗಂತ ಕರಗಿರುವ ನೀರು ಇದರಲ್ಲಿ ಯಾವುದರಿಂದಲೂ ಪೂರ್ತಿ ಹೋಗಲ್ಲ. ಬಿಎಸ್-6 ಮಾನಕದಲ್ಲಿ ಹೊಸ ಡೀಸೆಲ್‌ಗೇ ಕೆಜಿಗೆ 200 ಮಿಲಿಗ್ರಾಂ ತನಕ ನೀರಿಗೆ ಅವಕಾಶ ಇದೆ, ಚಳಿಗೆ ಅದರಲ್ಲಿ ಸ್ವಲ್ಪ ಬೇರೆಯಾಗಿ ಮತ್ತೆ ತಳಕ್ಕೆ ಇಳಿಯಬಹುದು.

ಹಳೆ ಲಿಸ್ಟರ್ ಥರದ ಪಂಪ್‌ಸೆಟ್ ಮಾತ್ರ ಇದ್ದರೆ ಓರೆ ಬ್ಯಾರೆಲ್ ಜೊತೆ ಎರಡನೆಯದು ಧಾರಾಳ ಸಾಕು. ಕಾಮನ್ ರೈಲ್ (ತುಂಬಾ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಹೊಸ ಥರದ ಎಂಜಿನ್) ಜೀಪಿಗೋ ಹೊಸ ಜನರೇಟರಿಗೋ ಅದೇ ಡೀಸೆಲ್ ಹಾಕುವುದಾದರೆ ಕಣ್ಣು ಮುಚ್ಚಿ ಮೂರನೆಯದು. ಒಂದು ಇಂಜೆಕ್ಟರ್ ರಿಪೇರಿಯ ಬಿಲ್ಲು ನೋಡಿದವರು ಸೆಪರೇಟರ್ ದುಬಾರಿ ಅನ್ನಲ್ಲ.

ಯಾವುದೇ ಮಾಡಿ, ತಾಮ್ರದ ಪೈಪು, ಜಿಐ (ಸತು ಲೇಪಿಸಿದ ಕಬ್ಬಿಣದ) ಫಿಟ್ಟಿಂಗು ಬೇಡ, ತಾಮ್ರ, ಸತು ಎರಡೂ ಡೀಸೆಲ್ ಬೇಗ ಕೆಡಿಸುತ್ತವೆ. ನೈಟ್ರೈಲ್ ಹೋಸು ಹಾಕಿ. ಸಣ್ಣ ಮೈಕ್ರಾನ್ ಫಿಲ್ಟರಲ್ಲಿ ಹಾಯುವಾಗ ಡೀಸೆಲ್‌ಗೆ ಸ್ಟ್ಯಾಟಿಕ್ ಚಾರ್ಜ್ ಏರುತ್ತದೆ, ಅದಕ್ಕೆ ಬ್ಯಾರೆಲ್ಲು, ಪಂಪು ಎರಡನ್ನೂ ಒಂದು ವೈರಲ್ಲಿ ಸೇರಿಸಿ ಅರ್ತ್ ಮಾಡಿ. ಬಟ್ಟಲಿನಿಂದ ತೆಗೆದ ಗಸಿ ನೀರನ್ನು ಗಿಡದ ಬುಡಕ್ಕಾಗಲಿ ಚರಂಡಿಗಾಗಲಿ ಚೆಲ್ಲಬೇಡಿ, ಹಳೆ ಎಂಜಿನ್ ಆಯಿಲ್ ತಗೊಂಡು ಹೋಗುವವರ ಹತ್ತಿರ ಕೇಳಿ ನೋಡಿ.